ಹೊಲಿದ ವಾಲ್ವು ಎಷ್ಟು ವರ್ಷ ಬಾಳುತ್ತದೆ? ನನ್ನ ಅನುಭವ

ಆಪರೇಷನ್ ಆಗಿ ಏಳು ತಿಂಗಳಿಗೆ ಅವರು ವಾಪಸ್ ಬಂದರು. ಓಪಿಡಿ ಬಾಗಿಲಲ್ಲಿ ನಿಂತಾಗಲೇ ನನ್ನ ಹೊಟ್ಟೆ ಕಿವುಚಿತು. ಅವರ ಕುತ್ತಿಗೆಯ ನಾಡಿ ಅಂಗಿಯ ಕಾಲರ್ ಮೇಲೆ ಕುಣಿಯುತ್ತಿತ್ತು. ಸ್ಟೆತಸ್ಕೋಪ್ ಇಡುವ ಮೊದಲೇ ವಿಷಯ ಗೊತ್ತಾಗಿಬಿಟ್ಟಿತ್ತು. ನಾನು ಹೊಲಿದಿದ್ದ ಹೃದಯದ ವಾಲ್ವು ಮತ್ತೆ ಸೋರುತ್ತಿದೆ.

ಖಾಸಗಿ ಬಸ್ ಓಡಿಸುವವರು. ವಯಸ್ಸು 38. ಜತೆಗೆ ಹೆಂಡತಿ ಬಂದಿದ್ದರು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಅವರಿಬ್ಬರ ಎದುರು ಕೂತೆ. ಅವರು ನೆಲ ನೋಡುತ್ತಿದ್ದರು. ಮಾತಾಡಿದ್ದು ಹೆಂಡತಿ. "ಅವತ್ತೇ ಹೊಸ ವಾಲ್ವು ಹಾಕಿದ್ರೆ ಆಗ್ತಿರಲಿಲ್ವಾ ಸರ್?"

ಏನೋ ಸಮಾಧಾನ ಹೇಳಿ ಕಳಿಸಿದೆ. ಏನು ಹೇಳಿದೆ ಅಂತ ಈಗ ನೆನಪಿಲ್ಲ. ಆದರೆ ಅವತ್ತು ರಾತ್ರಿ ಮನೆಗೆ ಹೋಗಿ ಒಂದು ನೋಟ್‌ಬುಕ್ ಶುರು ಮಾಡಿದೆ. ನಾನು ರಿಪೇರಿ ಮಾಡಿದ ಪ್ರತಿ ಅಯೋರ್ಟಿಕ್ ವಾಲ್ವಿಗೂ ಒಂದೊಂದು ಪುಟ. ಮೇಲೆ ಆಪರೇಷನ್ ದಿನ ಅಳೆದ ಅಳತೆಗಳು. ಕೆಳಗೆ ಪ್ರತಿ ವರ್ಷದ ಎಕೋ. ಬರದೇ ಇದ್ದವರ ಹೆಸರಿನ ಮುಂದೆ ಕೆಂಪು ಗೆರೆ, ಫೋನ್ ಮಾಡಬೇಕು ಅಂತ. ಮೊದಲ ಪುಟ ಈ ಡ್ರೈವರ್‌ದು. ಆ ಪುಟದ ಮೇಲ್ಭಾಗದಲ್ಲಿ ಬರೆಯಲು ಅಳತೆಗಳೇ ಇರಲಿಲ್ಲ. ತಪ್ಪು ಎಲ್ಲಿತ್ತು ಅಂತ ಅಲ್ಲೇ ಅರ್ಧ ಗೊತ್ತಾಯಿತು.

ನಾನು ಹೃದಯದ ಸರ್ಜನ್. ಬೆಂಗಳೂರಿನಿಂದ ದೂರದ ಊರೊಂದರಲ್ಲಿ ಕೆಲಸ. ಇಲ್ಲಿ ಬರೆಯುತ್ತಿರುವುದು ಸೋರುವ ಅಯೋರ್ಟಿಕ್ ವಾಲ್ವನ್ನು ಬದಲಾಯಿಸದೆ ಹೊಲಿದು ಸರಿಮಾಡಿದರೆ ಮುಂದೆ ಏನಾಗುತ್ತದೆ ಅನ್ನುವ ಬಗ್ಗೆ. ರೋಗಿಗಳ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಮೊದಲು ವಾಲ್ವಿನ ವಿಷಯ. ಹೃದಯದ ಎಡ ಕೋಣೆಯಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಅಯೋರ್ಟಾ. ಅದರ ಬುಡದಲ್ಲಿ ಮೂರು ಎಸಳಿನ ಒಂದು ಬಾಗಿಲು. ಹೃದಯ ಹಿಂಡಿದಾಗ ಎಸಳು ತೆರೆಯುತ್ತವೆ, ಸಡಿಲಿಸಿದಾಗ ಒಂದಕ್ಕೊಂದು ಒತ್ತಿಕೊಂಡು ಮುಚ್ಚುತ್ತವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಎಸಳಿನ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಬೆರಳಲ್ಲಿ ಹಿಡಿದರೆ ಈರುಳ್ಳಿಯ ಒಳಪೊರೆ ಹಿಡಿದ ಹಾಗೆ.

ಅದು ಸರಿಯಾಗಿ ಮುಚ್ಚದಿದ್ದರೆ, ಆಚೆ ಹೋದ ರಕ್ತದಲ್ಲಿ ಒಂದಷ್ಟು ಪ್ರತಿ ಬಡಿತಕ್ಕೂ ವಾಪಸ್ ಬರುತ್ತದೆ. ಸೋರುವ ಕೊಡದಲ್ಲಿ ನೀರು ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೃದಯ ಒಂದೇ ಕೆಲಸವನ್ನು ಎರಡೆರಡು ಸಲ ಮಾಡುತ್ತದೆ. ದೊಡ್ಡದಾಗುತ್ತದೆ, ದಪ್ಪವಾಗುತ್ತದೆ, ಸಹಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ. ತೊಂದರೆ ಇರುವುದೇ ಅಲ್ಲಿ. ಬಿಪಿ ನೋಡಿದರೆ 160/40 ಇರುತ್ತದೆ, ಆದರೆ ಮನುಷ್ಯ ಹೊಲದಲ್ಲಿ ಕೆಲಸ ಮಾಡುತ್ತಲೇ ಇರುತ್ತಾನೆ. "ನನಗೇನೂ ಆಗಿಲ್ವಲ್ಲ ಡಾಕ್ಟ್ರೇ, ಸುಮ್ನೆ ಯಾಕೆ ಎದೆ ಕುಯ್ಯಿಸ್ಕೊಳ್ಳಲಿ?" ಅನ್ನುವವರೇ ಜಾಸ್ತಿ.

ಒಂದು ಪ್ರಶ್ನೆ ಮಾತ್ರ ನಾನು ಎಲ್ಲರಿಗೂ ಕೇಳುತ್ತೇನೆ. "ರಾತ್ರಿ ಎಡಗಡೆ ಮಲಗಿದರೆ ಎದೆ ಬಡಿತ ಕಿವಿಗೆ ಕೇಳುತ್ತಾ?" ಹೆಚ್ಚಿನವರು ಬೆಚ್ಚಿ ನೋಡುತ್ತಾರೆ. "ಹೌದು ಸರ್, ಮಂಚವೇ ಅಲ್ಲಾಡಿದ ಹಾಗೆ ಆಗುತ್ತೆ. ನಿಮಗೆ ಹೇಗೆ ಗೊತ್ತು?" ಇಂಥ ರೋಗಿಗಳ ನಾಡಿ ಧಡ್ ಅಂತ ಎದ್ದು ಥಟ್ ಅಂತ ಬೀಳುತ್ತದೆ. ಐರ್ಲೆಂಡಿನ ಕಾರಿಗನ್ ಅನ್ನುವ ವೈದ್ಯರು 1832ರಲ್ಲೇ ಇದನ್ನು ಬರೆದಿಟ್ಟರು. ಈಗಲೂ ಆ ನಾಡಿಗೆ ಅವರದೇ ಹೆಸರು.

ಆಪರೇಷನ್ ಯಾವಾಗ? ಏದುಸಿರು, ಎದೆನೋವು, ಸುಸ್ತು ಶುರುವಾದರೆ ಕಾಯುವ ಮಾತೇ ಇಲ್ಲ. ಏನೂ ತೊಂದರೆ ಇಲ್ಲದಿದ್ದರೂ ಸೋರಿಕೆ ತೀವ್ರವಾಗಿದ್ದರೆ ಎಕೋದಲ್ಲಿ ಎರಡು ಅಂಕಿ ನೋಡುತ್ತೇವೆ. ಹೃದಯ ಪೂರ್ತಿ ಹಿಂಡಿಕೊಂಡಾಗಲೂ ಎಡ ಕೋಣೆಯ ಅಗಲ 50 ಮಿಲಿಮೀಟರ್ ದಾಟಿತೇ? ಪಂಪಿಂಗ್, ಅಂದರೆ ಎಡ ಕೋಣೆಯ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು, 55 ಪರ್ಸೆಂಟಿಗೆ ಇಳಿಯಿತೇ? ಎರಡರಲ್ಲಿ ಒಂದು ಆದರೂ ಸಾಕು. ಇದನ್ನು ಮೀರಿ ಕಾದರೆ ವಾಲ್ವು ಎಷ್ಟು ಚೆನ್ನಾಗಿ ಸರಿಹೋದರೂ ಹೃದಯದ ಮಾಂಸ ಹಳೆಯ ಸ್ಥಿತಿಗೆ ಬರುವುದಿಲ್ಲ. ಫಲಿತಾಂಶದ ಅರ್ಧ ಭಾಗ ನಾನು ಚಾಕು ಹಿಡಿಯುವ ಮುಂಚೆಯೇ ತೀರ್ಮಾನ ಆಗಿರುತ್ತದೆ ಅನ್ನುವುದು ಇದಕ್ಕೇ.

ಈಗ ಆ ಹೆಂಗಸಿನ ಪ್ರಶ್ನೆ. ಹೊಸ ವಾಲ್ವು ಯಾಕೆ ಹಾಕಲಿಲ್ಲ?

ಹೊಸ ವಾಲ್ವು ಹಾಕುವುದು ಸುಲಭ. ನನಗೆ ಸುಲಭ ಅಂತ ಹೇಳುತ್ತಿದ್ದೇನೆ. 1952ರಲ್ಲಿ ಅಮೆರಿಕದ ಚಾರ್ಲ್ಸ್ ಹಫ್ನಗೆಲ್ ಪ್ಲಾಸ್ಟಿಕ್ ಕೊಳವೆಯೊಳಗೆ ಒಂದು ಚೆಂಡು ಇಟ್ಟು, ಅದನ್ನು ಸೋರುವ ವಾಲ್ವಿನ ಜಾಗದಲ್ಲಿ ಅಲ್ಲ, ಅಯೋರ್ಟಾ ಎದೆಯಲ್ಲಿ ಕೆಳಗೆ ಇಳಿಯುವ ಜಾಗದಲ್ಲಿ ಕೂರಿಸಿದರು. ಆಗ ಹೃದಯದೊಳಗೆ ಕೈ ಹಾಕುವ ದಾರಿ ಇರಲಿಲ್ಲ. ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ ಚಿತ್ರಾ ವಾಲ್ವು 1990ರಲ್ಲಿ ಮೊದಲ ಸಲ ಮನುಷ್ಯನ ಹೃದಯದಲ್ಲಿ ಕೂತಿತು. ಹೊರದೇಶದ ವಾಲ್ವಿನ ಬೆಲೆ ಕೇಳಿಯೇ ಬೆವರುತ್ತಿದ್ದವರಿಗೆ ಅದು ಜೀವ ಕೊಟ್ಟಿತು. ನಾನೂ ಬೇಕಾದಷ್ಟು ಹಾಕಿದ್ದೇನೆ.

ಆದರೆ ಲೋಹದ ವಾಲ್ವು ಹಾಕಿದ ದಿನದಿಂದ ರಕ್ತ ತೆಳು ಮಾಡುವ ಮಾತ್ರೆ ಬದುಕಿರುವವರೆಗೂ ಬೇಕು. ಅಸಿಟ್ರಾಮ್ ಅಥವಾ ವಾರ್ಫರಿನ್. ಮಾತ್ರೆ ಜಾಸ್ತಿಯಾದರೆ ಮೆದುಳಲ್ಲೋ ಹೊಟ್ಟೆಯಲ್ಲೋ ರಕ್ತ ಸೋರುತ್ತದೆ. ಕಡಿಮೆಯಾದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಇಲ್ಲವೇ ಲಕ್ವ ಹೊಡೆಯುತ್ತದೆ. ಸರಿಯಾಗಿದೆಯೇ ಅಂತ ನೋಡಲು ಐಎನ್‌ಆರ್ ಅನ್ನುವ ರಕ್ತಪರೀಕ್ಷೆ. ನಗರದಲ್ಲಿ ಇದು ಹತ್ತು ನಿಮಿಷದ ಕೆಲಸ. ನನ್ನ ರೋಗಿಗಳಲ್ಲಿ ಎಷ್ಟೋ ಜನಕ್ಕೆ ಒಂದು ದಿನದ ಕೂಲಿ, ಎರಡು ಬಸ್ಸು. ತಿಂಗಳಿಗೊಂದು ಸಲ ಅಂದರೆ ಮೂರು ತಿಂಗಳಿಗೊಂದು ಸಲ ಆಗುತ್ತದೆ. ಆಮೇಲೆ ನಿಂತೇ ಹೋಗುತ್ತದೆ.

ಸೊಪ್ಪಿನ ಕಥೆ ಬೇರೆ. ಸೊಪ್ಪು ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ ಅಂತ, "ಸೊಪ್ಪು ತಿನ್ನಬೇಡಿ" ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಮುದ್ದೆ, ಸೊಪ್ಪಿನ ಸಾರು ಬಿಟ್ಟರೆ ಆ ಮನೆಯಲ್ಲಿ ಉಣ್ಣುವುದು ಏನು? ಸೊಪ್ಪು ಬಿಡಬೇಕಾಗಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು, ಮಾತ್ರೆಯನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸುತ್ತೇವೆ. ಇದನ್ನು ನಾನು ವಾರಕ್ಕೆ ಹತ್ತು ಸಲ ಹೇಳುತ್ತೇನೆ.

ಇನ್ನು ಹೆಣ್ಣುಮಕ್ಕಳು. ಇಪ್ಪತ್ತೆರಡು ವರ್ಷದ ಹುಡುಗಿಗೆ ಲೋಹದ ವಾಲ್ವು ಹಾಕಿ ಮನೆಗೆ ಕಳಿಸಿದರೆ, ಮುಂದೆ ಬಸಿರಾದಾಗ ಪ್ರತಿ ವಾರವೂ ಆತಂಕ. ವಾರ್ಫರಿನ್ ಮಗುವಿಗೆ ತೊಂದರೆ ಕೊಡಬಹುದು, ನಿಲ್ಲಿಸಿದರೆ ತಾಯಿಯ ವಾಲ್ವು ಕಟ್ಟಿಕೊಳ್ಳಬಹುದು. ಅದು ಬೇಡ ಅಂತ ಹಸುವಿನ ಪೊರೆಯ ವಾಲ್ವು ಹಾಕಿದರೆ, ಚಿಕ್ಕ ವಯಸ್ಸಿನಲ್ಲಿ ಅದು ಬೇಗ ಸುಣ್ಣಗಟ್ಟಿ ಕೆಡುತ್ತದೆ. ಮತ್ತೆ ಎದೆ ತೆರೆಯಬೇಕು. ತನ್ನದೇ ವಾಲ್ವು ಉಳಿದರೆ ಈ ಯಾವ ತಲೆನೋವೂ ಇಲ್ಲ. ಕೆಲವು ತಿಂಗಳು ಆಸ್ಪಿರಿನ್, ಅಷ್ಟೇ.

ಡ್ರೈವರ್ ವಿಷಯದಲ್ಲೂ ನನ್ನ ಯೋಚನೆ ಅದೇ ಆಗಿತ್ತು. ಯೋಚನೆ ತಪ್ಪಿರಲಿಲ್ಲ. ಕೆಲಸ ತಪ್ಪಿತ್ತು.

ಅವರದು ಹುಟ್ಟಿನಿಂದಲೇ ಎರಡೆಸಳಿನ ವಾಲ್ವು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಹೀಗಿರುತ್ತದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಒಂದು ಎಸಳು ಜೋತುಬಿದ್ದಿತ್ತು. ಅದರ ಅಂಚಿನ ನಡುವೆ ಎರಡು ಹೊಲಿಗೆ ಹಾಕಿ ಮೇಲೆತ್ತಿದೆ, ಸಡಿಲವಾದ ಲಂಗದ ಅಂಚಿಗೆ ನೆರಿಗೆ ಹಾಕಿದ ಹಾಗೆ. ಪಂಪಿನಿಂದ, ಅಂದರೆ ಆಪರೇಷನ್ ವೇಳೆ ಹೃದಯದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್‌ನಿಂದ, ಇಳಿದ ಮೇಲೆ ಅನ್ನನಾಳದ ಎಕೋದಲ್ಲಿ ಒಂದು ಸಣ್ಣ ಸೋರಿಕೆ ಕಂಡಿತು. ಓರೆಯಾಗಿ ಹೋಗುತ್ತಿತ್ತು. "ಮೈಲ್ಡ್ ಅಷ್ಟೇ ಸರ್" ಅಂದರು ಎಕೋ ನೋಡುತ್ತಿದ್ದ ಅರಿವಳಿಕೆ ಡಾಕ್ಟರು. ನಾನೂ ಹೂಂ ಅಂದೆ. ಸಂಜೆ ಐದಾಗಿತ್ತು. ಮತ್ತೆ ಪಂಪಿಗೆ ಹೋಗಲು ಮನಸ್ಸಾಗಲಿಲ್ಲ.

ಈಗ ನೋಡಿದರೆ ಅದರಲ್ಲಿ ಮೂರು ತಪ್ಪು. ಸೋರಿಕೆ ಎಷ್ಟು ಅನ್ನುವುದಕ್ಕಿಂತ ಯಾವ ದಿಕ್ಕಿಗೆ ಅನ್ನುವುದು ಮುಖ್ಯ. ಓರೆ ಸೋರಿಕೆ ಅಂದರೆ ಒಂದು ಎಸಳು ಇನ್ನೂ ಕೆಳಗೆ ಕೂತಿದೆ ಅಂತ ಅರ್ಥ. ಅದು ನಿಲ್ಲುವುದಿಲ್ಲ, ಬೆಳೆಯುತ್ತದೆ. ಎರಡನೆಯದು, ನಾನು ಎಸಳಿನ ಎತ್ತರ ಅಳೆಯಲಿಲ್ಲ, ಕಣ್ಣಳತೆಯಲ್ಲಿ ಹೋದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅವರ ವಾಲ್ವಿನ ಬುಡದ ಉಂಗುರ 29 ಮಿಲಿಮೀಟರ್ ಇತ್ತು. ಬಾಗಿಲಿನ ರೆಕ್ಕೆ ಸರಿಮಾಡಿ, ಅಗಲವಾಗಿ ಹೋದ ಚೌಕಟ್ಟನ್ನು ಹಾಗೇ ಬಿಟ್ಟೆ.

ಆಮೇಲೆ ಯುರೋಪಿನ ಒಂದು ಆಸ್ಪತ್ರೆಯಲ್ಲಿ ಮೂರು ವಾರ ನಿಂತು ನೋಡಿದೆ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ. ಈ ವಿದ್ಯೆಯನ್ನು ಕಟ್ಟಿದವರು ಕೆಲವೇ ಜನ. ಲಂಡನ್ನಿನಲ್ಲಿ ಮ್ಯಾಗ್ದಿ ಯಾಕೂಬ್, ಟೊರಾಂಟೋದಲ್ಲಿ ಟಿರೋನ್ ಡೇವಿಡ್. ಇಬ್ಬರೂ ಅಯೋರ್ಟಾದ ಬುಡ ಊದಿಕೊಂಡವರಲ್ಲಿ ನಾಳವನ್ನು ಕತ್ತರಿಸಿ ತೆಗೆದು, ವಾಲ್ವನ್ನು ಮಾತ್ರ ಉಳಿಸಿಕೊಂಡು ಬಟ್ಟೆಯ ಕೊಳವೆಗೆ ಜೋಡಿಸುವ ದಾರಿ ತೋರಿಸಿದರು. ಬ್ರಸೆಲ್ಸ್‌ನ ಎಲ್ ಖೂರಿ ಸೋರಿಕೆಯನ್ನು ಕಾರಣದ ಪ್ರಕಾರ ವಿಂಗಡಿಸಿದರು. ಬುಡ ಅಗಲವಾಗಿದೆಯೋ, ಎಸಳು ತೂತಾಗಿದೆಯೋ, ಜೋತಿದೆಯೋ, ಕುಗ್ಗಿ ಗಡುಸಾಗಿದೆಯೋ ಅಂತ. ಜರ್ಮನಿಯ ಹೋಂಬುರ್ಗ್‌ನ ಶೇಫರ್ಸ್ ಒಂದು ಸಣ್ಣ ಅಳತೆಕಡ್ಡಿ ಮಾಡಿದರು. ಎಸಳಿನ ಅಂಚು ಬುಡಕ್ಕಿಂತ ಎಷ್ಟು ಮೇಲೆ ಇದೆ ಅಂತ ಅದು ಹೇಳುತ್ತದೆ. ದೊಡ್ಡವರಲ್ಲಿ 9ರಿಂದ 10 ಮಿಲಿಮೀಟರ್ ಇರಬೇಕು.

ನನಗೆ ಇಡೀ ಕಲಿಕೆಯಲ್ಲಿ ದೊಡ್ಡದಾಗಿ ಕಂಡಿದ್ದು ಆ ಕಡ್ಡಿಯೇ. ನೋಡಲು ಏನೂ ಅಲ್ಲ, ಬಾಗಿದ ಒಂದು ತಂತಿ. ಆದರೆ "ಚೆನ್ನಾಗಿ ಕಾಣುತ್ತಿದೆ" ಅನ್ನುವ ಮಾತನ್ನು ಅದು ಆಪರೇಷನ್ ಥಿಯೇಟರಿನಿಂದ ಆಚೆ ಹಾಕಿತು.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ರಕ್ತ ನೋಡಿದರೆ ತಲೆ ತಿರುಗುವವರು ಮುಂದಿನ ನಾಲ್ಕು ಪ್ಯಾರಾ ಬಿಡಬಹುದು.

ಎದೆಯ ಮೂಳೆ ನಡುವೆ ತೆರೆದು, ಹಾರ್ಟ್-ಲಂಗ್ ಮೆಷಿನ್‌ಗೆ ಹಾಕುತ್ತೇವೆ. ಸೋರುವ ವಾಲ್ವಿನವರಲ್ಲಿ ಇಲ್ಲಿಯೇ ಒಂದು ಅಪಾಯ ಕಾದಿರುತ್ತದೆ. ಹೃದಯ ತಣ್ಣಗಾಗಿ ಬಡಿತ ತಪ್ಪಿದರೆ ಮೆಷಿನ್ ಕೊಡುವ ರಕ್ತ ವಾಲ್ವಿನ ಮೂಲಕ ಹಿಂದೆ ಸೋರಿ, ಹೃದಯ ಬಲೂನಿನ ಹಾಗೆ ಊದುತ್ತದೆ. ಅದಕ್ಕೇ ಮೊದಲೇ ಶ್ವಾಸಕೋಶದ ರಕ್ತನಾಳದ ಮೂಲಕ ಎಡ ಕೋಣೆಗೆ ಒಂದು ವೆಂಟ್, ಅಂದರೆ ರಕ್ತ ಹೊರಗೆಳೆಯುವ ಕೊಳವೆ, ಇಟ್ಟಿರುತ್ತೇನೆ. ಹೃದಯ ನಿಲ್ಲಿಸುವ ಔಷಧವನ್ನೂ ಮಾಮೂಲಿ ದಾರಿಯಲ್ಲಿ ಕೊಟ್ಟರೆ ಅದೂ ಒಳಕ್ಕೇ ಸೋರಿಹೋಗುತ್ತದೆ. ಅಯೋರ್ಟಾ ತೆರೆದು, ಹೃದಯದ ಎರಡು ಸ್ವಂತ ರಕ್ತನಾಳಗಳ ಬಾಯಿಗೆ ನೇರವಾಗಿ ಕೊಡುತ್ತೇನೆ.

ಆಮೇಲೆ ಎಸಳುಗಳು ಸೇರುವ ಮೂರು ಮೂಲೆಗೆ ಮೂರು ದಾರ ಹಾಕಿ ಮೇಲೆ ಎಳೆದು ಹಿಡಿಯುತ್ತೇವೆ. ವಾಲ್ವು ಆಗ ಜೀವಂತ ಇದ್ದಾಗ ಇರುವ ಆಕಾರಕ್ಕೆ ಬರುತ್ತದೆ. ಐದು ನಿಮಿಷ ಏನೂ ಮಾಡುವುದಿಲ್ಲ, ಬರೀ ನೋಡುತ್ತೇನೆ. ಅಸಿಸ್ಟೆಂಟ್ ಹುಡುಗರಿಗೆ ಇದು ಕಿರಿಕಿರಿ. ಗಡಿಯಾರ ಓಡುತ್ತಿದೆ ಅಂತ ಅವರಿಗೆ ಆತಂಕ. ಮೊದಲು ಪ್ರತಿ ಎಸಳಿನ ಉದ್ದ ಅಳೆಯುತ್ತೇನೆ, ಬುಡದಿಂದ ಅಂಚಿನವರೆಗೆ. ಎರಡೆಸಳಿನ ವಾಲ್ವಿನಲ್ಲಿ 20 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎಸಳು ಕುಗ್ಗಿದೆ ಅಂತ ಲೆಕ್ಕ. ಬಟ್ಟೆಯೇ ಸಾಲದಿದ್ದರೆ ಟೈಲರ್ ಏನು ಮಾಡುತ್ತಾನೆ? ಅಲ್ಲಿಗೆ ರಿಪೇರಿ ಬಿಟ್ಟು ಹೊಸ ವಾಲ್ವಿಗೆ ಹೋಗುತ್ತೇನೆ. ಮುಂಚೆ ಹೃದಯದ ಪೊರೆಯ ತುಂಡು ಹಚ್ಚಿ ಉದ್ದ ಮಾಡುತ್ತಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಬೇಗ ಕೆಟ್ಟ ಪುಟಗಳಲ್ಲಿ ಈ ತೇಪೆ ಹಚ್ಚಿದವು ಎದ್ದು ಕಾಣುತ್ತವೆ. ಬೇರೆಯವರ ದೊಡ್ಡ ಲೆಕ್ಕಗಳೂ ಅದನ್ನೇ ಹೇಳುತ್ತವೆ.

ಉಂಗುರವನ್ನು ಹೇಗರ್ ಸಲಾಕೆ (ಗೊತ್ತಾದ ದಪ್ಪದ ಲೋಹದ ಕಡ್ಡಿ) ಇಳಿಸಿ ಅಳೆಯುತ್ತೇನೆ. 25-26 ಮಿಲಿಮೀಟರ್ ದಾಟಿದ್ದರೆ ಬುಡದ ಸುತ್ತ ಗೋರ್‌ಟೆಕ್ಸ್ ದಾರ ಹಾಯಿಸಿ, ಸಲಾಕೆ ಒಳಗಿಟ್ಟು, ಅದರ ಅಳತೆಗೆ ಬಿಗಿದು ಗಂಟು ಹಾಕುತ್ತೇನೆ. ಒಂದು ಕಡೆ ಮಾತ್ರ ಕೈ ಹಗುರ. ಬಲ ಎಸಳು ಮತ್ತು ಹಿಂದಿನ ಎಸಳು ಸೇರುವ ಮೂಲೆಯ ಕೆಳಗೇ ಹೃದಯದ ಕರೆಂಟ್ ತಂತಿ ಹಾಯುತ್ತದೆ. ಅಲ್ಲಿ ಸೂಜಿ ಆಳಕ್ಕೆ ಹೋದರೆ ರೋಗಿ ಪೇಸ್‌ಮೇಕರ್ ಜತೆ ಮನೆಗೆ ಹೋಗಬೇಕಾಗುತ್ತದೆ.

ಕೊನೆಗೆ ಜೋತ ಎಸಳಿನ ಅಂಚಿಗೆ ನೆರಿಗೆ. ಕೂದಲಿನಂಥ ಪ್ರೋಲೀನ್ ದಾರ, ಒಂದೊಂದೇ ಹೊಲಿಗೆ. ಪ್ರತಿ ಹೊಲಿಗೆಗೂ ಕಡ್ಡಿ ಇಟ್ಟು ಎತ್ತರ ನೋಡುತ್ತೇನೆ. ಆರು, ಏಳು, ಎಂಟೂವರೆ. ಒಂಬತ್ತು ಬಂದಾಗ ನಮ್ಮ ಸಿಸ್ಟರ್ ನನಗಿಂತ ಮೊದಲು ಉಸಿರು ಬಿಡುತ್ತಾರೆ. ಪಂಪಿನಿಂದ ಇಳಿದ ಮೇಲೆ ಎಕೋದಲ್ಲಿ ಓರೆ ಸೋರಿಕೆ ಒಂದು ಎಳೆ ಕಂಡರೂ ಮತ್ತೆ ತೆರೆಯುತ್ತೇನೆ. ಸಂಜೆ ಐದಾಗಲಿ, ಏಳಾಗಲಿ.

ಇನ್ನು ಫಲಿತಾಂಶ. ತಕ್ಷಣ ಕಾಣುವುದು ಬಿಪಿಯಲ್ಲಿ. ಬೆಳಗ್ಗೆ 160/40 ಇದ್ದದ್ದು ಮಧ್ಯಾಹ್ನ ಐಸಿಯುನಲ್ಲಿ 120/70. ಕೆಳಗಿನ ಅಂಕಿ ಏರಿದ್ದು ನೋಡುವುದೇ ಒಂದು ಸಂತೋಷ. ಎರಡನೇ ರಾತ್ರಿ ಕೆಲವರು ನಿದ್ದೆ ಬರುತ್ತಿಲ್ಲ ಅಂತಾರೆ. ಕೇಳಿದರೆ ನೋವಲ್ಲ. "ಎದೆ ಸದ್ದೇ ಇಲ್ಲ ಸರ್. ನಿಂತುಹೋಗಿದೆಯೇನೋ ಅಂತ ಭಯ ಆಗುತ್ತೆ." ಇದನ್ನು ಮೊದಲು ಹೇಳಿದ್ದು ಒಬ್ಬ ಅಡಿಕೆ ತೋಟದ ಯಜಮಾನರು. ಆಮೇಲೆ ಎಷ್ಟು ಜನ ಹೇಳಿದರೋ.

ಇನ್ನೊಂದು ವಿಷಯ ಮನೆಯವರನ್ನು ಹೆದರಿಸುತ್ತದೆ. ಆಪರೇಷನ್ ಆದ ವಾರದಲ್ಲಿ ಮಾಡಿದ ಎಕೋದಲ್ಲಿ ಪಂಪಿಂಗ್ ಮೊದಲಿಗಿಂತ ಕಡಿಮೆ ಕಾಣಬಹುದು. 55 ಇದ್ದದ್ದು 42. "ಸರಿಮಾಡೋಕೆ ಹೋಗಿ ಹಾಳುಮಾಡಿದ್ರಾ?" ಅಂತ ಬಾಯಿಬಿಟ್ಟು ಕೇಳದಿದ್ದರೂ ಮುಖ ಕೇಳುತ್ತದೆ. ಸೋರಿ ಬರುತ್ತಿದ್ದ ಹೆಚ್ಚುವರಿ ರಕ್ತ ನಿಂತಿರುತ್ತದೆ, ಕೋಣೆ ಮಾತ್ರ ಇನ್ನೂ ಹಳೆಯ ಅಳತೆಯಲ್ಲೇ ಇರುತ್ತದೆ. ಸಮಯಕ್ಕೆ ಸರಿಯಾಗಿ ಬಂದವರಲ್ಲಿ ಕೆಲವು ತಿಂಗಳಲ್ಲಿ ಕೋಣೆ ಕುಗ್ಗುತ್ತದೆ, ಪಂಪಿಂಗ್ ಏರುತ್ತದೆ. ಈಗ ನಾನು ಇದನ್ನು ಆಪರೇಷನ್‌ಗೆ ಮೊದಲೇ ಹೇಳಿಬಿಡುತ್ತೇನೆ.

ಜೀವಕ್ಕೆ ಅಪಾಯ ಎಷ್ಟು? ಹೃದಯ ಇನ್ನೂ ಗಟ್ಟಿ ಇದ್ದು, ಅನುಭವ ಇರುವ ಕಡೆ ಮಾಡಿಸಿಕೊಂಡರೆ ನೂರಕ್ಕೆ ಒಂದೋ ಎರಡೋ, ಕೆಲವು ಕಡೆ ಅದಕ್ಕಿಂತ ಕಡಿಮೆ. ಪಂಪಿಂಗ್ 30ಕ್ಕೆ ಇಳಿದ ಮೇಲೆ ಬಂದವರಿಗೆ ಈ ಲೆಕ್ಕ ಹೇಳುವುದಿಲ್ಲ.

ಹಾಗಾದರೆ ಹೊಲಿದ ವಾಲ್ವು ಎಷ್ಟು ವರ್ಷ? ಇದಕ್ಕೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಯಾಕೆ ಸೋರುತ್ತಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎಲ್ಲಕ್ಕಿಂತ ಚೆನ್ನಾಗಿ ಬಾಳುವುದು, ಎಸಳು ಚೆನ್ನಾಗಿದ್ದು ಬುಡ ಮಾತ್ರ ಊದಿಕೊಂಡಿರುವವರಲ್ಲಿ. ಮಾರ್ಫಾನ್ ಅನ್ನುವ ವಂಶವಾಹಿ ತೊಂದರೆಯವರು ಹೆಚ್ಚಾಗಿ ಈ ಗುಂಪು. ಉದ್ದನೆಯ ಮೈ, ಉದ್ದುದ್ದ ಬೆರಳು. ಹಾವೇರಿ ಕಡೆಯ ಒಬ್ಬ ವಾಲಿಬಾಲ್ ಆಟಗಾರ ಹೀಗೆ ಬಂದಿದ್ದ. ಅಯೋರ್ಟಾದ ಬುಡ 52 ಮಿಲಿಮೀಟರ್. ಮಾರ್ಫಾನ್ ಇದ್ದವರಲ್ಲಿ 50 ಆದರೇ ಆಪರೇಷನ್ ಮಾಡಬೇಕು, ಇಲ್ಲದಿದ್ದರೆ ಅಯೋರ್ಟಾ ಸೀಳುವ ಭಯ. ಡೇವಿಡ್ ವಿಧಾನದಲ್ಲಿ ಮಾಡಿದೆ. ಡೇವಿಡ್ ಅವರ ಟೊರಾಂಟೋ ರೋಗಿಗಳಲ್ಲಿ 20 ವರ್ಷ ಆದಮೇಲೂ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನರಿಗೆ ವಾಲ್ವಿಗೆ ಎರಡನೇ ಆಪರೇಷನ್ ಬೇಕಾಗಿಲ್ಲ. ನನ್ನ ಲೆಕ್ಕ ಅಷ್ಟು ಹಳೆಯದಲ್ಲ, ಆದರೆ ಆ ಗುಂಪಿನ ಪುಟಗಳು ಚೆನ್ನಾಗಿವೆ. ಹುಡುಗನ ತಂಗಿಗೂ ತಾಯಿಗೂ ಎಕೋ ಮಾಡಿಸಿದೆವು. ತಾಯಿಗೂ ಇತ್ತು. ಆಪರೇಷನ್‌ಗಿಂತ ಆ ಎಕೋದಿಂದ ಆದ ಉಪಕಾರ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಎರಡೆಸಳಿನ ವಾಲ್ವುಗಳದು ನಡುವಿನ ದಾರಿ. ಎರಡೂ ಎಸಳು ಎದುರುಬದುರು ಸಮನಾಗಿದ್ದು, ಸುಣ್ಣಗಟ್ಟಿರದೆ, ಉಂಗುರವನ್ನೂ ಬಿಗಿದರೆ ಒಳ್ಳೆಯ ಫಲ. ದೊಡ್ಡ ಕೇಂದ್ರಗಳಲ್ಲಿ ಹತ್ತು ವರ್ಷಕ್ಕೆ ಹತ್ತರಲ್ಲಿ ಸುಮಾರು ಎಂಟು ಜನ ಮತ್ತೆ ಆಪರೇಷನ್ ಇಲ್ಲದೆ ಇರುತ್ತಾರೆ. ಮೂವತ್ತು ವರ್ಷದವರಿಗೆ ಮಾತ್ರೆ ಇಲ್ಲದ ಹತ್ತು ಹದಿನೈದು ವರ್ಷ ಸಿಗುವುದು ಸಣ್ಣ ವಿಷಯ ಅಲ್ಲ. ಅರವತ್ತೈದು ವರ್ಷದವರಿಗೆ ಇಷ್ಟೆಲ್ಲ ಸರ್ಕಸ್ ಯಾಕೆ? ಅವರಿಗೆ ಹಸುವಿನ ಪೊರೆಯ ವಾಲ್ವೇ ನೆಮ್ಮದಿ.

ಹೃದಯದ ಗೋಡೆಯ ತೂತಿನ ಪಕ್ಕ ಎಸಳು ಕುಸಿದ ಮಕ್ಕಳು ಇನ್ನೊಂದು ಗುಂಪು. ನಮ್ಮ ಏಷ್ಯಾದವರಲ್ಲಿ ವಾಲ್ವಿನ ಅಡಿಯಲ್ಲೇ ಇರುವ ಇಂಥ ತೂತು ಸ್ವಲ್ಪ ಜಾಸ್ತಿ. ತೂತಿನಲ್ಲಿ ನುಗ್ಗುವ ರಕ್ತ ಪಕ್ಕದ ಎಸಳನ್ನು ಎಳೆದೆಳೆದು ಜೋಲಿಸುತ್ತದೆ. ಬೇಗ ತೂತು ಮುಚ್ಚಿದರೆ ಎಷ್ಟೋ ಸಲ ವಾಲ್ವು ಮುಟ್ಟಬೇಕಾಗಿಯೇ ಇಲ್ಲ. "ತೂತು ಚಿಕ್ಕದು, ತಾನೇ ಮುಚ್ಚಿಕೊಳ್ಳುತ್ತೆ" ಅಂತ ಹೇಳಿಸಿಕೊಂಡು ಹತ್ತು ವರ್ಷ ಮನೆಯಲ್ಲಿದ್ದು ಬಂದವರನ್ನು ನೋಡಿದಾಗ ಬೇಜಾರಾಗುತ್ತದೆ.

ಕಡೆಯ ಗುಂಪು ಸಂಧಿವಾತ ಜ್ವರದವರು. ನಮ್ಮ ಕಡೆ ಇದು ಇನ್ನೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಊತ, ಜ್ವರ. ಯಾರೋ ಒಂದು ಮಾತ್ರೆ ಕೊಟ್ಟು ಕಳಿಸಿರುತ್ತಾರೆ. ಹದಿನೈದು ವರ್ಷದ ಮೇಲೆ ವಾಲ್ವಿನ ಎಸಳು ದಪ್ಪವಾಗಿ, ಮುದುಡಿ, ಗಿಡ್ಡವಾಗಿರುತ್ತವೆ. ನಾನು ರಿಪೇರಿ ಮಾಡಲೇಬೇಕು ಅಂತ ಹಟ ಹಿಡಿದಿದ್ದೂ, ಮತ್ತೆ ಮತ್ತೆ ಸೋತಿದ್ದೂ ಈ ಗುಂಪಿನಲ್ಲೇ. ರಿಪೇರಿಯಿಂದ ಅತಿ ಹೆಚ್ಚು ಉಪಯೋಗ ಆಗಬೇಕಾದವರು ಇವರೇ. ವಯಸ್ಸು ಚಿಕ್ಕದು, ಹಳ್ಳಿಯವರು, ಹೆಣ್ಣುಮಕ್ಕಳು ಬೇರೆ. ಅವರದೇ ಎಸಳು ಉಳಿಯುವುದಿಲ್ಲ. ಟೋಕಿಯೋದ ಒಝಾಕಿ 2007ರಲ್ಲಿ ಶುರುಮಾಡಿದ ವಿಧಾನದಲ್ಲಿ ರೋಗಿಯದೇ ಹೃದಯದ ಪೊರೆಯಿಂದ ಮೂರು ಹೊಸ ಎಸಳು ಕತ್ತರಿಸಿ ಹೊಲಿಯುತ್ತಾರೆ. ನಾನೂ ಕೆಲವು ಮಾಡಿದ್ದೇನೆ. ರಕ್ತ ತೆಳು ಮಾಡುವ ಮಾತ್ರೆ ಬೇಡ ಅನ್ನುವುದು ಅದರ ಲಾಭ. ಆದರೆ ಇಪ್ಪತ್ತು ವರ್ಷದವರಲ್ಲಿ ಅದೂ ಬದುಕಿಡೀ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸದೆ ತಗೊಂಡಿದ್ದರೆ ಇವರಲ್ಲಿ ಎಷ್ಟೋ ಜನ ನನ್ನ ಟೇಬಲ್‌ಗೆ ಬರುತ್ತಲೇ ಇರಲಿಲ್ಲ. ನನ್ನ ಕೆಲಸಕ್ಕಿಂತ ಆ ಇಂಜೆಕ್ಷನ್ ಕೊಡುವ ಹಳ್ಳಿಯ ನರ್ಸಮ್ಮನ ಕೆಲಸ ದೊಡ್ಡದು, ಅದನ್ನು ಸುಮ್ಮನೆ ಹೊಗಳಿಕೆಗೆ ಹೇಳುತ್ತಿಲ್ಲ.

ಮಧ್ಯೆ ಒಂದು ಮಾತು. "ಕಾಲಿನಿಂದ ಹಾಕೋ ವಾಲ್ವು ಬಂದಿದೆಯಂತಲ್ಲ ಸರ್, ಎದೆ ಕುಯ್ಯೋದೇ ಬೇಡವಂತೆ?" ಅಂತ ಈಗ ದಿನವೂ ಕೇಳುತ್ತಾರೆ. ಅದಕ್ಕೆ ಟಾವಿ ಅನ್ನುತ್ತಾರೆ. ಅದು ಮುಖ್ಯವಾಗಿ ಸುಣ್ಣಗಟ್ಟಿ ಕಿರಿದಾದ ವಾಲ್ವಿಗೆ. ಆ ಸುಣ್ಣವನ್ನೇ ಕಚ್ಚಿಕೊಂಡು ಅದು ನಿಲ್ಲುವುದು. ಬರೀ ಸೋರುವ, ಅಗಲವಾದ, ಮೆತ್ತಗಿನ ವಾಲ್ವಿನಲ್ಲಿ ಮಾಮೂಲಿ ಟಾವಿಗೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ.

ಮನೆಗೆ ಹೋದಮೇಲೆ ನಾನು ಕೇಳುವುದು ಎರಡೇ. ವರ್ಷಕ್ಕೊಂದು ಎಕೋ, ಮತ್ತು ಹಲ್ಲು. ಹುಳುಕು ಹಲ್ಲಿನಿಂದ ರಕ್ತಕ್ಕೆ ಹೋಗುವ ಕ್ರಿಮಿ ವಾಲ್ವಿನಲ್ಲಿ ಮನೆ ಮಾಡುತ್ತದೆ. ಚೆನ್ನಾಗಿದ್ದ ಒಂದು ಪುಟ ನಾಲ್ಕನೇ ವರ್ಷ ಹೀಗೇ ಹಾಳಾಯಿತು. ಎಲೆ ಅಡಿಕೆ, ತಂಬಾಕು ಅಭ್ಯಾಸ ಇದ್ದ ಹಿರಿಯರು. ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ತಗೊಳ್ಳಿ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದೆ. ಇಂಗ್ಲಿಷಿನಲ್ಲಿ. ಈಗ ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ.

ಡ್ರೈವರ್‌ಗೆ ಎರಡನೇ ಸಲ ಎದೆ ತೆರೆದು ಲೋಹದ ವಾಲ್ವು ಹಾಕಿದೆ. ಒಳಗೆ ಎಲ್ಲ ಅಂಟಿಕೊಂಡಿತ್ತು, ಮೊದಲ ಸಲಕ್ಕಿಂತ ಎರಡು ಗಂಟೆ ಜಾಸ್ತಿ ಹಿಡಿಯಿತು. ನಾನು ಹಾಕಿದ್ದ ನೆರಿಗೆ ಹಾಗೇ ಗಟ್ಟಿಯಾಗಿತ್ತು. ಸುತ್ತಲಿನ ಉಂಗುರ ಮಾತ್ರ ಇನ್ನಷ್ಟು ಅಗಲವಾಗಿತ್ತು. ಈಗ ಅವರು ಬಸ್ ಬಿಟ್ಟು, ಸ್ಟ್ಯಾಂಡಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾರೆ. ಐಎನ್‌ಆರ್ ಪರೀಕ್ಷೆ ಒಂದೂ ತಪ್ಪಿಸಿಲ್ಲ. ತಪ್ಪಿಸಲು ಹೆಂಡತಿ ಬಿಡುವುದಿಲ್ಲ. ಹೋದ ಸಲ ಬಂದಾಗ ಹೆಂಡತಿ ಹೇಳಿದರು, "ರಾತ್ರಿ ಟಿಕ್ ಟಿಕ್ ಅನ್ನುತ್ತೆ ಸರ್. ಮೊದಮೊದಲು ನಿದ್ದೆ ಬರ್ತಿರಲಿಲ್ಲ. ಈಗ ಆ ಸದ್ದು ಕೇಳಿಸಿದ್ರೇನೇ ನಿದ್ದೆ." ಅವರ ಹಳೆಯ ಪ್ರಶ್ನೆಗೆ ಆಗ ಸರಿಯಾಗಿ ಉತ್ತರ ಕೊಟ್ಟೆ. ರಿಪೇರಿ ಮಾಡಲು ಹೊರಟಿದ್ದು ಸರಿ, ಉಂಗುರ ಬಿಗಿಯದೆ ಬಿಟ್ಟಿದ್ದು ನನ್ನ ತಪ್ಪು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಅಸಿಟ್ರಾಮ್ ಚೀಟಿ ತೆಗೆದು, ಡೋಸ್ ಬರೆದುಕೊಡಿ ಅಂದರು.

ಬರುವ ಮಂಗಳವಾರ ಒಬ್ಬಳು ಹುಡುಗಿ ಇದ್ದಾಳೆ. 24 ವರ್ಷ, ಎರಡೆಸಳಿನ ವಾಲ್ವು, ಮದುವೆ ಗೊತ್ತಾಗಿದೆ. ಎಕೋದಲ್ಲಿ ಎಸಳಿನ ಉದ್ದ 19 ಇರಬಹುದು, 21 ಇರಬಹುದು, ಖಚಿತವಾಗಿ ಕಾಣುತ್ತಿಲ್ಲ. ಅವಳ ಅಪ್ಪ ಕೇಳಿದರು, ರಿಪೇರಿ ಆಗುತ್ತಾ ಇಲ್ವಾ ಅಂತ. ತೆರೆದು, ಅಳೆದು ನೋಡಿದ ಮೇಲೆ ಹೇಳುತ್ತೇನೆ ಅಂದೆ. ಎರಡಕ್ಕೂ ಸಹಿ ಹಾಕಿ ಕೊಟ್ಟಿದ್ದಾರೆ. ಪುಟ ಖಾಲಿ ಇಟ್ಟಿದ್ದೇನೆ.